ಎಕ್ಸ್‌ಎಂಎಲ್‌ನಲ್ಲಿ ಬೇಕಾದಷ್ಟೇ ಬದಲಿಸಿ, ಉಳಿದದ್ದನ್ನು ಮುಟ್ಟದೆ ಬಿಡುವುದು ಹೇಗೆ: ಹಂತ ಹಂತದ ಮಾರ್ಗದರ್ಶಿ

ಫೈಲ್‌ನಲ್ಲಿ ನಾಲ್ಕೇ ನಾಲ್ಕು ಜಾಗ ಬದಲಾಗಬೇಕು. ಉಳಿದ ಸಾವಿರಾರು ಸಾಲು ಇದ್ದ ಹಾಗೇ ಇರಬೇಕು. ಕೇಳೋದಕ್ಕೆ ಸುಲಭ, ಅಲ್ವಾ? ಎಕ್ಸ್‌ಎಂಎಲ್ ಫೈಲನ್ನು ಬದಲಿಸುವ ಭಾಷೆಯಾದ ಎಕ್ಸ್‌ಎಸ್‌ಎಲ್‌ಟಿಯಲ್ಲಿ ನಿಯಮ ಬರೆದು ಓಡಿಸಿ ನೋಡಿದರೆ ಟ್ಯಾಗ್‌ಗಳೆಲ್ಲ ಮಾಯವಾಗಿ ಬರೀ ಪಠ್ಯ ಸುರಿದಿರುತ್ತದೆ. ಇಲ್ಲವೇ ಏನೂ ಬದಲಾಗದೆ ಕೊಟ್ಟ ಫೈಲ್ ಕೊಟ್ಟ ಹಾಗೇ ವಾಪಸ್ ಬರುತ್ತದೆ. ಎಲ್ಲಕ್ಕಿಂತ ಕೆಟ್ಟದ್ದು ಮೂರನೆಯದು: ಎಲ್ಲ ಸರಿಯಾಗಿದೆ ಅನ್ನಿಸುತ್ತದೆ, ಆದರೆ ನಡುವೆ ಎಲ್ಲೋ ಆಟ್ರಿಬ್ಯೂಟ್‌ಗಳು (ಟ್ಯಾಗ್ ಒಳಗೆ ಬರೆದ ಹೆಚ್ಚುವರಿ ಮಾಹಿತಿ) ಉದುರಿಹೋಗಿರುತ್ತವೆ.

ಹೆಚ್ಚಿನ ಸಲ ತಪ್ಪಿರುವುದು ಕೆಲಸದ ಕ್ರಮದಲ್ಲಿ. ಎಲ್ಲರೂ ಮೊದಲು ಬದಲಾವಣೆಯ ನಿಯಮ ಬರೆಯುತ್ತಾರೆ, ಉಳಿದದ್ದು ತಾನಾಗಿಯೇ ಉಳಿಯುತ್ತದೆ ಅಂದುಕೊಳ್ಳುತ್ತಾರೆ. ಎಕ್ಸ್‌ಎಸ್‌ಎಲ್‌ಟಿಯಲ್ಲಿ ತಾನಾಗಿ ಏನೂ ಉಳಿಯುವುದಿಲ್ಲ. ಉಳಿಸು ಎಂದು ನಾವು ಹೇಳಬೇಕು, ಅದನ್ನೂ ಮೊದಲೇ ಹೇಳಬೇಕು.

ಓದುವ ಮುನ್ನ ಒಂದು ಮಾತು. ಇಲ್ಲಿ ಆಜ್ಞೆಗಳನ್ನೂ ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ಟೆಂಪ್ಲೇಟ್, ಮ್ಯಾಚ್, ಸೆಲೆಕ್ಟ್, ನೋಡ್ ಇಂಥವನ್ನು ನಿಮ್ಮ ಫೈಲ್‌ನಲ್ಲಿ ಇಂಗ್ಲಿಷ್ ಸಣ್ಣಕ್ಷರದಲ್ಲೇ ಟೈಪ್ ಮಾಡಬೇಕು. ಎಲಿಮೆಂಟ್ (ಶುರುವಿನ ಟ್ಯಾಗ್‌ನಿಂದ ಮುಚ್ಚುವ ಟ್ಯಾಗ್‌ವರೆಗಿನ ತುಂಡು) ಮತ್ತು ಆಟ್ರಿಬ್ಯೂಟ್ ಹೆಸರುಗಳು ಮಾತ್ರ ಕನ್ನಡದಲ್ಲೇ ಇರಬಹುದು. ಎಕ್ಸ್‌ಎಂಎಲ್ ಅದಕ್ಕೆ ಅಡ್ಡಿ ಮಾಡುವುದಿಲ್ಲ.

## ಶುರು ಮಾಡುವ ಮುನ್ನ: ಏನೇನು ಬೇಕು

ನಾವು ಬರೆದ ನಿಯಮಗಳನ್ನು ಓಡಿಸುವ ಒಂದು ಪ್ರೊಸೆಸರ್ ಬೇಕು. ಎಕ್ಸ್‌ಎಸ್‌ಎಲ್‌ಟಿಪ್ರಾಕ್ ಹಗುರ, ಆದರೆ ಅದಕ್ಕೆ ಗೊತ್ತಿರುವುದು 1999ರ 1.0 ಆವೃತ್ತಿ ಮಾತ್ರ. ಪೈಥಾನ್‌ನ ಎಲ್ಎಕ್ಸ್‌ಎಂಎಲ್ ಕೂಡ ಅದೇ ಎಂಜಿನ್ ಮೇಲೆ ನಿಂತಿದೆ. 2017ರ 3.0 ಆವೃತ್ತಿ ಬೇಕಿದ್ದರೆ ಸ್ಯಾಕ್ಸನ್ ಬಳಸಿ. ಇದರ ಹೋಮ್ ಎಡಿಷನ್ ಉಚಿತ. ನಿಮ್ಮದು ಯಾವ ಆವೃತ್ತಿ ಎಂದು ಈಗಲೇ ತಿಳಿದುಕೊಳ್ಳಿ. 3.0ಕ್ಕೆ ಬರೆದದ್ದನ್ನು 1.0 ಪ್ರೊಸೆಸರ್‌ಗೆ ಕೊಟ್ಟು ಅರ್ಧ ದಿನ ಕಳೆಯುವವರು ಬೇಕಾದಷ್ಟು ಜನ ಇದ್ದಾರೆ.

ಜೊತೆಗೆ ಎಕ್ಸ್‌ಎಂಎಲ್ ಪರಿಶೀಲಿಸಲು ಎಕ್ಸ್‌ಎಂಎಲ್‌ಲಿಂಟ್ ಮತ್ತು ಎರಡು ಫೈಲ್ ಹೋಲಿಸಲು ಡಿಫ್ ಬೇಕು. ಈ ಎರಡು ಇಲ್ಲದೆ ಕೈ ಹಾಕಬೇಡಿ. ಕಣ್ಣಲ್ಲಿ ನೋಡಿ ಸರಿಯಿದೆ ಅನ್ನುವುದು ಈ ಕೆಲಸದಲ್ಲಿ ನಡೆಯುವುದಿಲ್ಲ.

ಸುಮ್ನೆ ಎಡಿಟರ್‌ನಲ್ಲಿ ಹುಡುಕಿ ಬದಲಿಸಿದರೆ ಆಗಲ್ವಾ? ಒಂದೇ ಫೈಲ್, ಐದೇ ಜಾಗ ಅಂದರೆ ಆಗುತ್ತದೆ. ಆದರೆ ಅದಕ್ಕೆ ಕಾಮೆಂಟ್ ಯಾವುದು, ನಿಜವಾದ ಎಲಿಮೆಂಟ್ ಯಾವುದು ಗೊತ್ತಾಗುವುದಿಲ್ಲ. ಟ್ಯಾಗ್ ಎರಡು ಸಾಲಿಗೆ ಹರಡಿದ್ದರೆ ಸಿಗುವುದೂ ಇಲ್ಲ.

## ಹಂತ 1: ಬದಲಾಗಬೇಕಾದ್ದನ್ನು ಎಣಿಸಿ ಬರೆದಿಡಿ

ಕೆಳಗಿನ ಪುಟ್ಟ ಕೈಪಿಡಿಯನ್ನೇ ಉದ್ದಕ್ಕೂ ಬಳಸೋಣ.

```
<ಕೈಪಿಡಿ>
  <!-- ಅಳತೆ ಪರಿಶೀಲನೆ ಬಾಕಿ -->
  <ಭಾಗ ಗುರುತು="ಕ-12">
    <ಹೆಸರು>ಸ್ಕ್ರೂ</ಹೆಸರು>
    <ಉದ್ದ ಅಳತೆ="ಇಂಚು">3</ಉದ್ದ>
    <ವಿವರ>ಇದನ್ನು <ಒತ್ತು>ಬಿಗಿಯಾಗಿ</ಒತ್ತು> <ಕೊಂಡಿ ಗುರಿ="ಕ-14">ಪಟ್ಟಿಗೆ</ಕೊಂಡಿ> ಕೂರಿಸಿ.</ವಿವರ>
    <ಒಳಟಿಪ್ಪಣಿ>ಚಿತ್ರ ಇನ್ನೂ ಬಂದಿಲ್ಲ</ಒಳಟಿಪ್ಪಣಿ>
  </ಭಾಗ>
  <ಭಾಗ ಗುರುತು="ಕ-14">
    <ಹೆಸರು>ಪಟ್ಟಿ</ಹೆಸರು>
    <ಉದ್ದ ಅಳತೆ="ಮಿಮೀ">200</ಉದ್ದ>
  </ಭಾಗ>
</ಕೈಪಿಡಿ>
```

ಆಗಬೇಕಾದ್ದು ಮೂರು. ಇಂಚಿನಲ್ಲಿರುವ ಉದ್ದ ಮಿಲಿಮೀಟರಿಗೆ ಬರಬೇಕು. ಒತ್ತು ಎಂಬ ಟ್ಯಾಗ್ ದಪ್ಪ ಎಂದಾಗಬೇಕು. ಒಳಟಿಪ್ಪಣಿ ಹೋಗಬೇಕು. ಈಗಾಗಲೇ ಮಿಮೀಯಲ್ಲಿರುವ 200ನ್ನು ಮುಟ್ಟಬಾರದು.

ಪ್ರತಿಯೊಂದೂ ಎಷ್ಟು ಇದೆ ಎಂದು ಎಣಿಸಿ. ಎಕ್ಸ್‌ಎಂಎಲ್‌ಲಿಂಟ್‌ಗೆ ಎಕ್ಸ್‌ಪಾತ್ (ಫೈಲ್ ಒಳಗಿನ ತುಂಡುಗಳನ್ನು ಹುಡುಕುವ ಭಾಷೆ) ಆಯ್ಕೆ ಕೊಟ್ಟು ಹೀಗೆ ಕೇಳಿದರೆ ಸಂಖ್ಯೆ ಬರುತ್ತದೆ:

```
ಕೌಂಟ್(//ಉದ್ದ[@ಅಳತೆ='ಇಂಚು'])
```

ಈ ಸಂಖ್ಯೆ ಬರೆದಿಟ್ಟುಕೊಳ್ಳಿ, ಕೊನೆಯಲ್ಲಿ ಬೇಕಾಗುತ್ತದೆ. ಇಲ್ಲೇ ಸೊನ್ನೆ ಬಂದರೆ ಮುಂದೆ ಹೋಗಬೇಡಿ. ಒಂದೋ ಹೆಸರಿನಲ್ಲಿ ಅಕ್ಷರ ತಪ್ಪಿದೆ, ಇಲ್ಲವೇ ಫೈಲ್‌ನಲ್ಲಿ ನೇಮ್‌ಸ್ಪೇಸ್ ಇದೆ. ಎರಡನೆಯದಾದರೆ ಹಂತ 6ನ್ನು ಮೊದಲು ಓದಿ.

## ಹಂತ 2: ಏನನ್ನೂ ಬದಲಿಸದ ನಕಲು ಮಾಡಿ

ಬದಲಾವಣೆಯ ಒಂದು ಸಾಲನ್ನೂ ಬರೆಯುವ ಮುನ್ನ, ಕೊಟ್ಟದ್ದನ್ನು ಹಾಗೇ ವಾಪಸ್ ಕೊಡುವ ಸ್ಟೈಲ್‌ಶೀಟ್ (ಎಕ್ಸ್‌ಎಸ್‌ಎಲ್‌ಟಿ ನಿಯಮಗಳ ಫೈಲ್) ಬರೆಯಿರಿ. ಟೆಂಪ್ಲೇಟ್ ಅಂದರೆ ಒಂದು ನಿಯಮ; ಇಲ್ಲಿ ಬೇಕಾದ ಒಂದೇ ನಿಯಮಕ್ಕೆ ಐಡೆಂಟಿಟಿ ಟೆಂಪ್ಲೇಟ್ ಎನ್ನುತ್ತಾರೆ.

```
<ಎಕ್ಸ್‌ಎಸ್‌ಎಲ್:ಟೆಂಪ್ಲೇಟ್ ಮ್ಯಾಚ್="@* | ನೋಡ್()">
  <ಎಕ್ಸ್‌ಎಸ್‌ಎಲ್:ಕಾಪಿ>
    <ಎಕ್ಸ್‌ಎಸ್‌ಎಲ್:ಅಪ್ಲೈ-ಟೆಂಪ್ಲೇಟ್ಸ್ ಸೆಲೆಕ್ಟ್="@* | ನೋಡ್()"/>
  </ಎಕ್ಸ್‌ಎಸ್‌ಎಲ್:ಕಾಪಿ>
</ಎಕ್ಸ್‌ಎಸ್‌ಎಲ್:ಟೆಂಪ್ಲೇಟ್>
```

ಇದು ಹೇಳುವುದು ಇಷ್ಟೇ: ಕೈಗೆ ಸಿಕ್ಕಿದ್ದರ ಹೊರಗವಚವನ್ನು ಮಾತ್ರ ನಕಲು ಮಾಡು. ಒಳಗಿರುವ ಆಟ್ರಿಬ್ಯೂಟ್ ಮತ್ತು ಮಕ್ಕಳನ್ನು ಒಂದೊಂದಾಗಿ ಮತ್ತೆ ನಿಯಮಗಳ ಮುಂದೆ ನಿಲ್ಲಿಸು. ಒಂದೊಂದಾಗಿ ನಿಲ್ಲಿಸುವುದರಲ್ಲೇ ಇಡೀ ತಂತ್ರ ಇದೆ. ಯಾರಿಗೆ ಬೇರೆ ನಿಯಮ ಇದೆಯೋ ಅವರು ಅಲ್ಲಿ ಬದಲಾಗುತ್ತಾರೆ, ಇಲ್ಲದವರು ಹಾಗೇ ದಾಟಿ ಹೋಗುತ್ತಾರೆ.

@* ಅಂದರೆ ಎಲ್ಲ ಆಟ್ರಿಬ್ಯೂಟ್‌ಗಳು. ಅದನ್ನು ಎರಡೂ ಕಡೆ ಬರೆಯಲೇಬೇಕು. ನೋಡ್() ಅಂದರೆ ಇಲ್ಲಿ ಎಲಿಮೆಂಟ್, ಪಠ್ಯ, ಕಾಮೆಂಟ್ ಮತ್ತು ಪ್ರೊಸೆಸಿಂಗ್ ಇನ್‌ಸ್ಟ್ರಕ್ಷನ್ (ಪ್ರೋಗ್ರಾಂಗಳಿಗೆ ಬರೆದ ಸೂಚನೆ). ಅದರಲ್ಲಿ ಆಟ್ರಿಬ್ಯೂಟ್ ಸೇರುವುದಿಲ್ಲ. ಸೆಲೆಕ್ಟ್ ಬಿಟ್ಟು ಬರೀ ಅಪ್ಲೈ-ಟೆಂಪ್ಲೇಟ್ಸ್ ಎಂದು ಬರೆದರೆ ಮಕ್ಕಳು ಮಾತ್ರ ಹೋಗುತ್ತಾರೆ, ಆಟ್ರಿಬ್ಯೂಟ್‌ಗಳು ಸದ್ದಿಲ್ಲದೆ ಉಳಿದುಬಿಡುತ್ತವೆ. ಗುರುತು="ಕ-12" ಕಾಣೆಯಾಗಿದೆ ಅಂದರೆ ಮೊದಲು ಅನುಮಾನಿಸಬೇಕಾದ್ದು ಇದನ್ನೇ.

ಈ ಟೆಂಪ್ಲೇಟ್ ಇಲ್ಲದಿದ್ದರೆ ಏನಾಗುತ್ತದೆ? ಪ್ರೊಸೆಸರ್ ತನ್ನ ಒಳಗಿನ ನಿಯಮಗಳಿಗೆ ಹೋಗುತ್ತದೆ. ಅವುಗಳ ಪ್ರಕಾರ ಎಲಿಮೆಂಟ್ ಬಂದರೆ ಟ್ಯಾಗ್ ಬಿಟ್ಟು ಒಳಗೆ ಹೋಗು, ಪಠ್ಯ ಸಿಕ್ಕರೆ ಬರೆ. ಹಾಗಾಗಿಯೇ ಹೊರಗೆ ಬರುವುದು "ಸ್ಕ್ರೂ 3 ಇದನ್ನು ಬಿಗಿಯಾಗಿ" ಎಂಬ ಪಠ್ಯದ ಮುದ್ದೆ.

3.0 ಇದ್ದವರಿಗೆ ಶಾರ್ಟ್‌ಕಟ್ ಇದೆ. ಎಕ್ಸ್‌ಎಸ್‌ಎಲ್:ಮೋಡ್ ಎಂಬ ಒಂದೇ ಸಾಲು ಬರೆದು, ಆನ್-ನೋ-ಮ್ಯಾಚ್ ಎಂಬ ಆಟ್ರಿಬ್ಯೂಟ್‌ಗೆ ಶ್ಯಾಲೋ-ಕಾಪಿ ಎಂದು ಕೊಟ್ಟರೆ ಸಾಕು. ಆದರೆ ಅದೇ ಸಾಲನ್ನು 1.0 ಪ್ರೊಸೆಸರ್‌ಗೆ ಕೊಟ್ಟರೆ ಅದು ಸಾಲನ್ನು ಕಡೆಗಣಿಸಿ ಮುಂದೆ ಹೋಗಬಹುದು. ಆಗ ಮತ್ತೆ ಅದೇ ಪಠ್ಯದ ಮುದ್ದೆ.

## ಹಂತ 3: ಖಾಲಿ ನಕಲನ್ನು ಮೂಲದ ಜೊತೆ ಹೋಲಿಸಿ

ಇದನ್ನು ಯಾರೂ ಮಾಡುವುದಿಲ್ಲ. ಎಲ್ಲಕ್ಕಿಂತ ಜಾಸ್ತಿ ಸಮಯ ಉಳಿಸುವುದು ಇದೇ.

ಎಕ್ಸ್‌ಎಸ್‌ಎಲ್‌ಟಿಪ್ರಾಕ್‌ನಲ್ಲಿ ಸ್ಟೈಲ್‌ಶೀಟ್ ಹೆಸರು ಮೊದಲು, ಎಕ್ಸ್‌ಎಂಎಲ್ ಹೆಸರು ಆಮೇಲೆ. ಫಲಿತಾಂಶವನ್ನು ಬೇರೆ ಹೆಸರಿನ ಫೈಲ್‌ಗೇ ಬರೆಸಿ. ಟರ್ಮಿನಲ್‌ನಲ್ಲಿ > ಚಿಹ್ನೆ ಬಳಸಿ ಅದೇ ಫೈಲ್‌ಗೆ ತಿರುಗಿಸಿದರೆ, ಪ್ರೊಸೆಸರ್ ಓದುವ ಮುನ್ನವೇ ಶೆಲ್ ಆ ಫೈಲನ್ನು ಖಾಲಿ ಮಾಡಿರುತ್ತದೆ. ಬ್ಯಾಕಪ್ ಇಲ್ಲದಿದ್ದರೆ ಅಲ್ಲಿಗೆ ಮುಗಿಯಿತು.

ಈಗ ಮೂಲವನ್ನೂ ನಕಲನ್ನೂ ಡಿಫ್‌ಗೆ ಕೊಡಿ. ನೀವು ಏನನ್ನೂ ಬದಲಿಸಿಲ್ಲ, ಆದರೂ ಕೆಲವು ವ್ಯತ್ಯಾಸ ಕಾಣಬಹುದು. ಗಾಬರಿಯಾಗಬೇಡಿ. ಪ್ರೊಸೆಸರ್ ನಿಮ್ಮ ಫೈಲನ್ನು ಅಕ್ಷರ ಅಕ್ಷರವಾಗಿ ನೋಡುವುದಿಲ್ಲ. ಪಾರ್ಸರ್ ಅದನ್ನು ಮರದಂತೆ ಕಟ್ಟಿ ಕೊಡುತ್ತದೆ, ಪ್ರೊಸೆಸರ್ ಆ ಮರವನ್ನು ಮತ್ತೆ ಬರೆಯುತ್ತದೆ. ಮರಕ್ಕೆ ಗೊತ್ತಿಲ್ಲದ್ದು ದಾರಿಯಲ್ಲಿ ಕಳೆದುಹೋಗುತ್ತದೆ.

ಹೀಗೆ ಕಳೆಯುವವು ಇವು. ಆಟ್ರಿಬ್ಯೂಟ್ ಸುತ್ತ ಒಂಟಿ ಉದ್ಧರಣ ಚಿಹ್ನೆ ಇತ್ತೋ ಜೋಡಿ ಇತ್ತೋ ಎಂಬುದು. ಖಾಲಿ ಎಲಿಮೆಂಟನ್ನು ಒಂದೇ ಟ್ಯಾಗ್‌ನಲ್ಲಿ ಮುಚ್ಚಿತ್ತೋ, ಎರಡರಲ್ಲೋ ಎಂಬುದು. ಸಿಡೇಟಾ ವಿಭಾಗದ (ಟ್ಯಾಗ್ ಎಂದು ನೋಡದೆ ಬರೀ ಪಠ್ಯವೆಂದೇ ಓದಬೇಕಾದ ತುಂಡಿನ) ಗಡಿಗಳು. ನೀವೇ ಹೆಸರಿಟ್ಟ ಎಂಟಿಟಿಗಳು (ಪಠ್ಯಕ್ಕೆ ಇಟ್ಟ ಚಿಕ್ಕ ಹೆಸರುಗಳು), ಏಕೆಂದರೆ ಅವು ಬಿಡಿಸಿಕೊಂಡು ಪೂರ್ತಿ ಪಠ್ಯವಾಗಿ ಬರುತ್ತವೆ. ಮತ್ತು ಇದು ಯಾವ ಬಗೆಯ ಫೈಲ್ ಎಂದು ಮೇಲೆ ಹೇಳುವ ಡಾಕ್‌ಟೈಪ್ ಸಾಲು.

ಡಿಟಿಡಿ (ಏನೇನು ಎಲ್ಲಿ ಬರಬಹುದು ಎಂಬ ಪಟ್ಟಿ) ಇರುವ ಫೈಲ್‌ನಲ್ಲಿ ಇದರ ಉಲ್ಟಾ ಕೂಡ ಆಗುತ್ತದೆ. ಡಿಟಿಡಿಯಲ್ಲಿ ಡೀಫಾಲ್ಟ್ ಎಂದು ಬರೆದ ಆಟ್ರಿಬ್ಯೂಟ್‌ಗಳು ಮೂಲದಲ್ಲಿ ಇಲ್ಲದಿದ್ದರೂ ಹೊಸ ಫೈಲ್‌ನಲ್ಲಿ ಬಂದು ಕೂರುತ್ತವೆ. ಎಲ್ಲಿಂದ ಬಂತಪ್ಪಾ ಇದು ಎಂದು ಟೆಂಪ್ಲೇಟ್‌ಗಳಲ್ಲಿ ಹುಡುಕಿದರೆ ಸಿಗುವುದಿಲ್ಲ.

ಡಾಕ್‌ಟೈಪ್ ಬೇಕೇ ಬೇಕು ಅಂದರೆ ಎಕ್ಸ್‌ಎಸ್‌ಎಲ್:ಔಟ್‌ಪುಟ್‌ನಲ್ಲಿ ಡಾಕ್‌ಟೈಪ್-ಸಿಸ್ಟಂ ಕೊಡಿ. ಸಿಡೇಟಾ ಬೇಕಾದ ಎಲಿಮೆಂಟ್‌ಗಳನ್ನು ಸಿಡೇಟಾ-ಸೆಕ್ಷನ್-ಎಲಿಮೆಂಟ್ಸ್‌ನಲ್ಲಿ ಹೆಸರಿಸಿ. ಒಂದೊಂದು ಬೈಟ್ ಕೂಡ ಹಾಗೇ ಇರಬೇಕು ಎಂಬ ಷರತ್ತು ನಿಮಗಿದ್ದರೆ ಎಕ್ಸ್‌ಎಸ್‌ಎಲ್‌ಟಿ ನಿಮ್ಮ ಸಾಧನವಲ್ಲ. ಅದನ್ನು ಈಗಲೇ ಒಪ್ಪಿಕೊಂಡು ಬೇರೆ ದಾರಿ ಹಿಡಿಯಿರಿ.

ಈ ಡಿಫ್ ಅನ್ನು ಎತ್ತಿಡಿ. ಮುಂದೆ ಯಾವ ವ್ಯತ್ಯಾಸ ನಿಮ್ಮದು, ಯಾವುದು ಪ್ರೊಸೆಸರ್‌ನದು ಎಂದು ಬೇರೆ ಮಾಡುವುದು ಇದರಿಂದಲೇ.

## ಹಂತ 4: ಮೊದಲ ಬದಲಾವಣೆ, ಆದಷ್ಟು ಚಿಕ್ಕದಾಗಿ

ಇಂಚು ಮಿಮೀ ಆಗಬೇಕು. ಹೆಚ್ಚಿನವರು ಇಡೀ ಭಾಗ ಎಂಬ ಎಲಿಮೆಂಟ್‌ಗೆ ಟೆಂಪ್ಲೇಟ್ ಬರೆದು, ಒಳಗೆ ಹೆಸರು, ಉದ್ದ, ವಿವರ ಎಲ್ಲವನ್ನೂ ಕೈಯಾರೆ ಮತ್ತೆ ಕಟ್ಟುತ್ತಾರೆ. ನಾಳೆ ಅದರೊಳಗೆ ತೂಕ ಎಂಬ ಹೊಸ ಎಲಿಮೆಂಟ್ ಬಂದರೆ ಅದು ನಕಲಿನಲ್ಲಿ ಇರುವುದಿಲ್ಲ, ಯಾರಿಗೂ ಗೊತ್ತೂ ಆಗುವುದಿಲ್ಲ. ಬದಲಾಗುವ ವಸ್ತು ಎಷ್ಟು ಚಿಕ್ಕದೋ ಟೆಂಪ್ಲೇಟ್ ಕೂಡ ಅಷ್ಟೇ ಚಿಕ್ಕದಿರಲಿ. ಇಲ್ಲಿ ಬದಲಾಗುವುದು ಒಂದು ಪಠ್ಯ, ಒಂದು ಆಟ್ರಿಬ್ಯೂಟ್. ಎರಡಕ್ಕೂ ಒಂದೊಂದು ಟೆಂಪ್ಲೇಟ್:

```
<ಎಕ್ಸ್‌ಎಸ್‌ಎಲ್:ಟೆಂಪ್ಲೇಟ್ ಮ್ಯಾಚ್="ಉದ್ದ[@ಅಳತೆ='ಇಂಚು']/ಟೆಕ್ಸ್ಟ್()">
  <ಎಕ್ಸ್‌ಎಸ್‌ಎಲ್:ವ್ಯಾಲ್ಯೂ-ಆಫ್ ಸೆಲೆಕ್ಟ್="ಫಾರ್ಮ್ಯಾಟ್-ನಂಬರ್(. * 25.4, '0.##')"/>
</ಎಕ್ಸ್‌ಎಸ್‌ಎಲ್:ಟೆಂಪ್ಲೇಟ್>

<ಎಕ್ಸ್‌ಎಸ್‌ಎಲ್:ಟೆಂಪ್ಲೇಟ್ ಮ್ಯಾಚ್="ಉದ್ದ/@ಅಳತೆ[. = 'ಇಂಚು']">
  <ಎಕ್ಸ್‌ಎಸ್‌ಎಲ್:ಆಟ್ರಿಬ್ಯೂಟ್ ನೇಮ್="ಅಳತೆ">ಮಿಮೀ</ಎಕ್ಸ್‌ಎಸ್‌ಎಲ್:ಆಟ್ರಿಬ್ಯೂಟ್>
</ಎಕ್ಸ್‌ಎಸ್‌ಎಲ್:ಟೆಂಪ್ಲೇಟ್>
```

ಉದ್ದ ಎಂಬ ಎಲಿಮೆಂಟನ್ನೇ ನಾವು ಮುಟ್ಟಲಿಲ್ಲ, ನೋಡಿ. ಅದು ಐಡೆಂಟಿಟಿ ಟೆಂಪ್ಲೇಟ್ ಮೂಲಕವೇ ಹೋಗುತ್ತದೆ. ಹಾಗಾಗಿ ಅದರ ಮೇಲೆ ಬೇರೆ ಆಟ್ರಿಬ್ಯೂಟ್ ಇದ್ದರೂ ಅವು ಸುರಕ್ಷಿತ.

ಫಾರ್ಮ್ಯಾಟ್-ನಂಬರ್ ಯಾಕೆ? ಬರೀ . * 25.4 ಎಂದು ಬರೆದರೆ 3 ಇಂಚು ಕೆಲವು ಪ್ರೊಸೆಸರ್‌ಗಳಲ್ಲಿ 76.2 ಬದಲು 76.19999999999999 ಎಂದು ಬರುತ್ತದೆ. ದಶಮಾಂಶವನ್ನು ಕಂಪ್ಯೂಟರ್ ಎರಡರ ಲೆಕ್ಕದಲ್ಲಿ ಇಟ್ಟುಕೊಳ್ಳುವುದರ ಫಲ ಅದು.

1.0 ಪ್ರೊಸೆಸರ್‌ನ ಫಲಿತಾಂಶದಲ್ಲಿ ಅಂಕಿಯ ಬದಲು "ನ್ಯಾನ್" ಎಂಬ ಮೂರಕ್ಷರದ ಇಂಗ್ಲಿಷ್ ಪದ ಕಂಡರೆ ಅದು ಸಂಖ್ಯೆಯಲ್ಲ ಎಂದು ಪ್ರೊಸೆಸರ್ ಕೈಚೆಲ್ಲಿದೆ ಎಂದರ್ಥ. 1,250 ಎಂದು ಅಲ್ಪವಿರಾಮ ಹಾಕಿದ್ದರೂ ಹೀಗಾಗುತ್ತದೆ, ೩ ಎಂದು ಕನ್ನಡ ಅಂಕಿ ಬಳಸಿದ್ದರೂ ಹೀಗಾಗುತ್ತದೆ. ಕನ್ನಡ ಅಂಕಿಯಾದರೆ ಗುಣಿಸುವ ಮುನ್ನ ಟ್ರಾನ್ಸ್‌ಲೇಟ್ ಫಂಕ್ಷನ್ ಹಾಕಿ:

```
ನಂಬರ್(ಟ್ರಾನ್ಸ್‌ಲೇಟ್(., '೦೧೨೩೪೫೬೭೮೯', '0123456789'))
```

### ಎರಡು ಟೆಂಪ್ಲೇಟ್ ಹೊಂದಿದರೆ ಗೆಲ್ಲುವುದು ಯಾವುದು

ಪ್ರತಿ ಮ್ಯಾಚ್‌ಗೂ ಒಂದು ಆದ್ಯತೆಯ ಅಂಕ ಇದೆ. ನೋಡ್(), @*, ಟೆಕ್ಸ್ಟ್() ಇವಕ್ಕೆ -0.5. ಒತ್ತು ಎಂಬಂಥ ಒಂಟಿ ಹೆಸರಿಗೆ 0. ಚೌಕ ಕಂಸದ ಷರತ್ತು ಅಥವಾ ಓರೆಗೆರೆಯ ದಾರಿ ಇದ್ದರೆ 0.5. ಜಾಸ್ತಿ ಅಂಕದ್ದು ಗೆಲ್ಲುತ್ತದೆ. ಹಾಗಾಗಿ ಐಡೆಂಟಿಟಿ ಟೆಂಪ್ಲೇಟ್ ಸಾಮಾನ್ಯವಾಗಿ ತಾನೇ ದಾರಿ ಬಿಡುತ್ತದೆ.

ಎಡವುವುದು ಸಮ ಬಂದಾಗ. ಬರೀ ಟೆಕ್ಸ್ಟ್() ಎಂದು ಟೆಂಪ್ಲೇಟ್ ಬರೆದರೆ ಅದಕ್ಕೂ ಐಡೆಂಟಿಟಿಗೂ -0.5. ಆಗ ಸಾಮಾನ್ಯವಾಗಿ ಫೈಲ್‌ನಲ್ಲಿ ಕೊನೆಗೆ ಬಂದದ್ದನ್ನು ಆರಿಸುತ್ತಾರೆ, ಕೆಲವು ಪ್ರೊಸೆಸರ್ ಎಚ್ಚರಿಕೆ ಕೊಡುತ್ತವೆ. ನನ್ನ ಅಭ್ಯಾಸ ಇಷ್ಟೇ: ಐಡೆಂಟಿಟಿಯನ್ನು ಯಾವಾಗಲೂ ಎಲ್ಲಕ್ಕಿಂತ ಮೇಲೆ ಬರೆಯುತ್ತೇನೆ. ಎರಡು 0.5ರ ನಿಯಮಗಳು ಗುದ್ದಾಡಿದರೆ ಪ್ರಯಾರಿಟಿ ಆಟ್ರಿಬ್ಯೂಟ್‌ನಲ್ಲಿ 1 ಅಥವಾ 2 ಎಂದು ನಾನೇ ಅಂಕ ಕೊಡುತ್ತೇನೆ.

## ಹಂತ 5: ಉಳಿದ ಬದಲಾವಣೆಗಳು, ಒಂದು ಸಲಕ್ಕೆ ಒಂದು

ಪ್ರತಿ ಟೆಂಪ್ಲೇಟ್ ಸೇರಿಸಿದ ಮೇಲೂ ಓಡಿಸಿ ಡಿಫ್ ನೋಡಿ. ಐದನ್ನು ಒಟ್ಟಿಗೆ ಸೇರಿಸಿ ಆಮೇಲೆ ತಪ್ಪು ಹುಡುಕುವುದು ಬೇಡ.

ಅಳಿಸುವುದು. ಒಳಗೆ ಏನೂ ಇಲ್ಲದ ಟೆಂಪ್ಲೇಟ್ ಸಾಕು:

```
<ಎಕ್ಸ್‌ಎಸ್‌ಎಲ್:ಟೆಂಪ್ಲೇಟ್ ಮ್ಯಾಚ್="ಒಳಟಿಪ್ಪಣಿ"/>
```

ಎಲಿಮೆಂಟ್ ಹೋದರೂ ಅದರ ಅಕ್ಕಪಕ್ಕದ ಜಾಗ ಉಳಿದು ಒಂದು ಖಾಲಿ ಸಾಲು ಕಾಣುತ್ತದೆ. ಅದರಿಂದ ತೊಂದರೆ ಇಲ್ಲ, ಬಿಡಿ.

ಹೆಸರು ಬದಲಿಸುವುದು. ಕಾಪಿ ಬದಲು ಹೊಸ ಟ್ಯಾಗನ್ನೇ ಬರೆಯಿರಿ. ಒಳಗೆ ಸೆಲೆಕ್ಟ್ ಮರೆಯಬೇಡಿ:

```
<ಎಕ್ಸ್‌ಎಸ್‌ಎಲ್:ಟೆಂಪ್ಲೇಟ್ ಮ್ಯಾಚ್="ಒತ್ತು">
  <ದಪ್ಪ><ಎಕ್ಸ್‌ಎಸ್‌ಎಲ್:ಅಪ್ಲೈ-ಟೆಂಪ್ಲೇಟ್ಸ್ ಸೆಲೆಕ್ಟ್="@* | ನೋಡ್()"/></ದಪ್ಪ>
</ಎಕ್ಸ್‌ಎಸ್‌ಎಲ್:ಟೆಂಪ್ಲೇಟ್>
```

ಇಲ್ಲಿ ವ್ಯಾಲ್ಯೂ-ಆಫ್ ಬಳಸಿದರೆ ಒತ್ತು ಒಳಗಿನ ಕೊಂಡಿಗಳೆಲ್ಲ ಸತ್ತು ಪಠ್ಯ ಮಾತ್ರ ಉಳಿಯುತ್ತದೆ.

ಕವಚ ಬಿಚ್ಚುವುದು. ಟ್ಯಾಗ್ ಹೋಗಬೇಕು, ಒಳಗಿನದ್ದು ಇರಬೇಕು ಅಂದರೆ ಟೆಂಪ್ಲೇಟ್ ಒಳಗೆ ಬರೀ ಅಪ್ಲೈ-ಟೆಂಪ್ಲೇಟ್ಸ್ ಹಾಕಿ. ಸೆಲೆಕ್ಟ್ ಬೇಡವಾದ ಜಾಗ ಇದೊಂದೇ, ಏಕೆಂದರೆ ಕವಚವೇ ಇಲ್ಲದ ಮೇಲೆ ಆಟ್ರಿಬ್ಯೂಟ್ ಎಲ್ಲಿ ಕೂರಬೇಕು?

ಆಟ್ರಿಬ್ಯೂಟ್ ಸೇರಿಸುವುದು. ಕಾಪಿ ಒಳಗೆ ಕ್ರಮ ಹೀಗಿರಬೇಕು: ಮೊದಲು @* ಮೇಲೆ ಅಪ್ಲೈ, ಆಮೇಲೆ ಹೊಸ ಆಟ್ರಿಬ್ಯೂಟ್, ಕೊನೆಗೆ ನೋಡ್() ಮೇಲೆ ಅಪ್ಲೈ. ಮಕ್ಕಳು ಬಂದ ಮೇಲೆ ಆಟ್ರಿಬ್ಯೂಟ್ ಸೇರಿಸಲು ಹೋದರೆ ಪ್ರೊಸೆಸರ್ ತಪ್ಪು ಎನ್ನುತ್ತದೆ. ಒಂದೇ ಹೆಸರಿನದ್ದು ಎರಡು ಸಲ ಬಂದರೆ ಆಮೇಲೆ ಬಂದದ್ದೇ ಉಳಿಯುತ್ತದೆ. ಅದಕ್ಕೇ ಹಳೆಯದು ಮೊದಲು.

ಈಗ ಕಾಪಿ-ಆಫ್ ಬಗ್ಗೆ. ಹೆಸರು ಕಾಪಿ ತರಹವೇ ಇದೆ, ಕೆಲಸ ಬೇರೆ. ಕಾಪಿ ಹೊರಗವಚವನ್ನು ಮಾತ್ರ ತೆಗೆದುಕೊಂಡರೆ, ಕಾಪಿ-ಆಫ್ ಇಡೀ ಕೊಂಬೆಯನ್ನು ಕಡಿದು ತಂದಿಡುತ್ತದೆ. ಒಳಗಿನ ಯಾವುದಕ್ಕೂ ನಿಮ್ಮ ನಿಯಮ ತಾಗುವುದಿಲ್ಲ. ಒಮ್ಮೆ ನಾನು ಭಾಗಕ್ಕೆ ಒಂದು ಆಟ್ರಿಬ್ಯೂಟ್ ಸೇರಿಸುವಾಗ, ಬೇಗ ಮುಗಿಯಲಿ ಎಂದು ಮಕ್ಕಳಿಗೆ ಕಾಪಿ-ಆಫ್ ಹಾಕಿದ್ದೆ. ಆಟ್ರಿಬ್ಯೂಟ್ ಬಂತು. ಹಿಂದಿನ ದಿನ ಸರಿಯಾಗಿದ್ದ ಇಂಚಿನ ಲೆಕ್ಕ ನಿಂತುಹೋಯಿತು. ಯಾವ ಎರರ್ ಕೂಡ ಇಲ್ಲ. ಅಳತೆಯ ಟೆಂಪ್ಲೇಟನ್ನೇ ತಿರುವಿ ತಿರುವಿ ನೋಡುತ್ತಾ ಕೂತಿದ್ದೆ, ತಪ್ಪಿದ್ದದ್ದು ಅದರ ಅಜ್ಜನ ಮನೆಯಲ್ಲಿ. ನಿನ್ನೆ ನಡೆದ ನಿಯಮ ಇವತ್ತು ನಡೆಯುತ್ತಿಲ್ಲ ಅಂದರೆ ಅದರ ಮೇಲಿನ ಎಲಿಮೆಂಟ್‌ಗಳಲ್ಲಿ ಕಾಪಿ-ಆಫ್ ಹುಡುಕಿ.

## ಹಂತ 6: ನೇಮ್‌ಸ್ಪೇಸ್ ಇದೆಯಾ ನೋಡಿ

ಲಕ್ಷಣ: ಎರರ್ ಇಲ್ಲ, ಫೈಲ್ ಪೂರ್ತಿ ಬಂದಿದೆ, ಒಂದೂ ಬದಲಾವಣೆ ಆಗಿಲ್ಲ. ಮೂಲ ಫೈಲ್‌ನ ಮೊದಲ ಟ್ಯಾಗ್ ನೋಡಿ. ಅಲ್ಲಿ ಎಕ್ಸ್‌ಎಂಎಲ್‌ಎನ್‌ಎಸ್ ಎಂದು ಬರೆದು ಮುಂದೆ ವಿಳಾಸದಂಥ ಒಂದು ಸಾಲು ಇದ್ದರೆ, ಒಳಗಿನ ಎಲ್ಲ ಎಲಿಮೆಂಟ್‌ಗೂ ಆ ವಿಳಾಸ ಮನೆಹೆಸರಿನ ಹಾಗೆ ಅಂಟಿಕೊಂಡಿದೆ. ನೀವು ಮ್ಯಾಚ್‌ನಲ್ಲಿ ಬರೀ ಉದ್ದ ಎಂದರೆ ಮನೆಹೆಸರೇ ಇಲ್ಲದ ಉದ್ದವನ್ನು ಹುಡುಕಿದ ಹಾಗೆ. ಅಂಥದ್ದು ಅಲ್ಲಿ ಇಲ್ಲ.

ಸ್ಟೈಲ್‌ಶೀಟ್‌ನ ಮೊದಲ ಟ್ಯಾಗ್‌ನಲ್ಲಿ ಅದೇ ವಿಳಾಸಕ್ಕೆ ಒಂದು ಪ್ರಿಫಿಕ್ಸ್ ಕಟ್ಟಿ, ಕೈ ಎಂದಿಟ್ಟುಕೊಳ್ಳಿ. ಆಮೇಲೆ ಎಲ್ಲ ಮ್ಯಾಚ್‌ನಲ್ಲೂ ಕೈ:ಉದ್ದ, ಕೈ:ಒತ್ತು ಎಂದು ಬರೆಯಿರಿ. ಪ್ರಿಫಿಕ್ಸ್ ಹೆಸರು ಏನಾದರೂ ಇರಲಿ. ವಿಳಾಸ ಮಾತ್ರ ಅಕ್ಷರ ಅಕ್ಷರ ಹೊಂದಬೇಕು, ಕೊನೆಯ ಓರೆಗೆರೆ ಕೂಡ. 2.0 ಮತ್ತು ನಂತರದ ಆವೃತ್ತಿಯಲ್ಲಿ ಎಕ್ಸ್‌ಪಾತ್-ಡೀಫಾಲ್ಟ್-ನೇಮ್‌ಸ್ಪೇಸ್ ಕೊಟ್ಟರೆ ಪ್ರಿಫಿಕ್ಸ್ ಗೊಡವೆ ಇಲ್ಲ.

ಇದು ಗೊತ್ತಾದ ಖುಷಿಯಲ್ಲಿ @ಕೈ:ಅಳತೆ ಎಂದೂ ಬರೆಯುವವರಿದ್ದಾರೆ. ಬೇಡ. ಪ್ರಿಫಿಕ್ಸ್ ಇಲ್ಲದ ನೇಮ್‌ಸ್ಪೇಸ್ ಆಟ್ರಿಬ್ಯೂಟ್‌ಗಳಿಗೆ ಅಂಟುವುದಿಲ್ಲ. ಅವು ಬರೀ @ಅಳತೆಯೇ.

ಹೊಸ ಫೈಲ್‌ನಲ್ಲಿ ದಪ್ಪ ಟ್ಯಾಗ್‌ನ ಮೇಲೆ ಖಾಲಿ ಎಕ್ಸ್‌ಎಂಎಲ್‌ಎನ್‌ಎಸ್="" ಕಂಡರೆ, ನೀವು ಬರೆದ ಹೊಸ ಟ್ಯಾಗ್ ಆ ಮನೆಗೆ ಸೇರಿಲ್ಲ ಎಂದರ್ಥ. ಸ್ಟೈಲ್‌ಶೀಟ್‌ನಲ್ಲಿ ಪ್ರಿಫಿಕ್ಸ್ ಜೊತೆಗೆ ಡೀಫಾಲ್ಟ್ ಆಗಿಯೂ ಅದೇ ವಿಳಾಸ ಕೊಡಿ, ಸರಿಹೋಗುತ್ತದೆ. ಬೇಡದ ಪ್ರಿಫಿಕ್ಸ್ ಘೋಷಣೆ ಫಲಿತಾಂಶದಲ್ಲಿ ತೇಲಿ ಬಂದರೆ ಎಕ್ಸ್‌ಕ್ಲೂಡ್-ರಿಸಲ್ಟ್-ಪ್ರಿಫಿಕ್ಸಸ್ ಇದೆ.

## ಹಂತ 7: ಖಾಲಿ ಜಾಗವನ್ನು ಚೆಂದ ಮಾಡಲು ಹೋಗಬೇಡಿ

ಔಟ್‌ಪುಟ್‌ನಲ್ಲಿ ಇಂಡೆಂಟ್‌ಗೆ ಯೆಸ್ ಎಂದು ಕೊಟ್ಟು, ಸ್ಟ್ರಿಪ್-ಸ್ಪೇಸ್‌ಗೆ ನಕ್ಷತ್ರ ಹಾಕುವುದು ಹಲವರ ಅಭ್ಯಾಸ. ಉಳಿದದ್ದು ಹಾಗೇ ಇರಬೇಕಾದ ಕೆಲಸದಲ್ಲಿ ಇವೆರಡೂ ಬೇಡ. ನಮ್ಮ ವಿವರ ಸಾಲನ್ನೇ ನೋಡಿ. ಒತ್ತು ಮುಗಿದು ಕೊಂಡಿ ಶುರುವಾಗುವ ನಡುವೆ ಒಂದೇ ಒಂದು ಸ್ಪೇಸ್ ಇದೆ. ಸ್ಟ್ರಿಪ್-ಸ್ಪೇಸ್‌ಗೆ ಅದು ಖಾಲಿ ಪಠ್ಯ, ತೆಗೆದು ಬಿಸಾಡುತ್ತದೆ. ಓದುಗರಿಗೆ ಸಿಗುವುದು "ಇದನ್ನು ಬಿಗಿಯಾಗಿಪಟ್ಟಿಗೆ ಕೂರಿಸಿ".

## ಹಂತ 8: ಕೊನೆಯ ಪರೀಕ್ಷೆ

ಎಕ್ಸ್‌ಎಂಎಲ್‌ಲಿಂಟ್‌ನಲ್ಲಿ ಸಿ14ಎನ್ ಎಂಬ ಆಯ್ಕೆ ಇದೆ. ಅದು ಆಟ್ರಿಬ್ಯೂಟ್‌ಗಳನ್ನು ಒಂದೇ ಕ್ರಮಕ್ಕೆ ತಂದು, ಉದ್ಧರಣ ಚಿಹ್ನೆ, ಖಾಲಿ ಟ್ಯಾಗ್, ಸಿಡೇಟಾ ಎಲ್ಲವನ್ನೂ ಒಂದೇ ಅಚ್ಚಿಗೆ ಹಾಕುತ್ತದೆ. ಮೂಲವನ್ನೂ ಹೊಸದನ್ನೂ ಹೀಗೆ ಅಚ್ಚಿಗೆ ಹಾಕಿ ಡಿಫ್ ಮಾಡಿದರೆ ನಿಜವಾದ ವ್ಯತ್ಯಾಸ ಮಾತ್ರ ಉಳಿಯುತ್ತದೆ. ಆದರೆ ಡಾಕ್‌ಟೈಪ್ ಮತ್ತು ಸಿಡೇಟಾ ಕಳೆದುಹೋಗಿದ್ದರೆ ಇದು ಅದನ್ನು ಮುಚ್ಚಿಡುತ್ತದೆ. ಹಾಗಾಗಿ ಸಾದಾ ಡಿಫ್ ಕೂಡ ಒಂದು ಸಲ ನೋಡಿ.

ಹಂತ 1ರಲ್ಲಿ ಬರೆದಿಟ್ಟ ಸಂಖ್ಯೆ ಈಗ ತೆಗೆಯಿರಿ. ಇಂಚಿನ ಉದ್ದಗಳು 40 ಇದ್ದರೆ ಡಿಫ್‌ನಲ್ಲಿ 40 ಉದ್ದಗಳೇ ಬದಲಾಗಿರಬೇಕು. 39 ಬಂದರೆ ಒಂದು ಎಲ್ಲೋ ಕಾಪಿ-ಆಫ್ ಕೆಳಗೆ ಸಿಕ್ಕಿಕೊಂಡಿದೆ. 41 ಬಂದರೆ ನಿಮ್ಮ ಷರತ್ತು ಸಡಿಲ ಇದೆ.

ಆಮೇಲೆ ಹೊಸ ಫೈಲನ್ನೇ ಮತ್ತೆ ಅದೇ ಸ್ಟೈಲ್‌ಶೀಟ್‌ಗೆ ಕೊಡಿ. ಈ ಸಲ ಏನೂ ಬದಲಾಗಬಾರದು. ಹಂತ 4ರ ಎರಡನೇ ಟೆಂಪ್ಲೇಟ್ ಮರೆತಿದ್ದರೆ ಅದು ಗೊತ್ತಾಗುವುದು ಇಲ್ಲೇ. ಅಂಕಿ ಮಿಮೀ ಆಗಿರುತ್ತದೆ, ಅಳತೆ ಇನ್ನೂ ಇಂಚು ಎನ್ನುತ್ತಿರುತ್ತದೆ, ಮತ್ತು 3 ಇಂಚಿನ ಸ್ಕ್ರೂ ಎರಡನೇ ಸುತ್ತಿನಲ್ಲಿ 1935.48 ಆಗಿ ಹೊರಗೆ ಬರುತ್ತದೆ.